ಎರಡನೇ ಪಾಳಿ ಬರೆದ ಪಾಲಯ್ಯ

ಪಾಲಯ್ಯ ಜಗಳೂರು ಕಡೆಯವನು. ಹದಿನೆಂಟನೆಯ ವಯಸ್ಸಿಗೆ ದಾವಣಗೆರೆಗೆ ಬಂದು ಹತ್ತಿ ಮಿಲ್ಲು ಸೇರಿದ. ಆರು ವರ್ಷ ದುಡಿಯುವಷ್ಟರಲ್ಲಿ ಹತ್ತಿಯ ದೂಳು ಎದೆಗಿಳಿದು ಕೆಮ್ಮು ಹಿಡಿಯಿತು. ಪಿ.ಜೆ. ಬಡಾವಣೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಮಿಲ್ಲು ಬಿಡಪ್ಪ" ಎಂದರು. ಬಿಟ್ಟ. ಮಂಡಿಪೇಟೆಯ ಹಿಂದಿನ ಓಣಿಯಲ್ಲಿದ್ದ ಅಚ್ಚುಕೂಟದಲ್ಲಿ ಕಾಗದದ ರೀಮು ಹೊರಲು ಸೇರಿಕೊಂಡವನು ಎರಡು ವರ್ಷದಲ್ಲಿ ಅಕ್ಷರದ ಮೊಳೆ ಜೋಡಿಸುವುದನ್ನು ಕಲಿತ. ಓದಿದ್ದು ನಾಲ್ಕನೇ ಇಯತ್ತೆ. ಕೈಬರಹ ನೋಡಿದರೆ ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗೆ. ಆದರೆ ಸೀಸದ ಅಕ್ಷರಗಳನ್ನು ತಲೆಕೆಳಗಾಗಿ ಓದುವುದರಲ್ಲಿ ಅಚ್ಚುಕೂಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಹೆಂಡತಿ ಯಲ್ಲಕ್ಕ ಅದೇ ಮಿಲ್ಲಿನಲ್ಲಿ ಉಳಿದಳು. ನೂಲು ಸುತ್ತುವ ರೀಲಿಂಗ್ ಖಾತೆಯಲ್ಲಿ ಅವಳದು ಮೊದಲ ಪಾಳಿ, ಬೆಳಿಗ್ಗೆ ಏಳಕ್ಕೆ ಹೋದರೆ ಮೂರೂವರೆಗೆ ಬಿಡುತ್ತಿದ್ದರು. ಪಾಲಯ್ಯ ಮಿಲ್ಲಿನಲ್ಲಿದ್ದ ಆರು ವರ್ಷವೂ ಅವನದು ಎರಡನೇ ಪಾಳಿ. ಅವಳು ಹೊರಗೆ ಬರುವ ಹೊತ್ತಿಗೆ ಅವನು ಒಳಗೆ ಹೋಗಬೇಕು. ಮನೆಗೆ ಬೀಗ ಹಾಕಿ ಬಂದವನು ಗೇಟಿನ ಹತ್ತಿರ ಬೀಗದ ಕೈ ಅವಳ ಕೈಗಿಟ್ಟು ಒಳಗೆ ಹೋಗುತ್ತಿದ್ದ. ಮಗಳು ಊರಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ಅಂಥ ಗಂಡಹೆಂಡಿರು ಆ ಗೇಟಿನಲ್ಲಿ ಇನ್ನೂ ಎಷ್ಟೋ ಮಂದಿ ಇದ್ದರು. ಯಾರಿಗೂ ಅದು ವಿಶೇಷ ಅನಿಸಿರಲಿಲ್ಲ.

ಮಿತ್ರವೃಂದ ನಾಟಕ ಸಂಘದ ಕರಪತ್ರಗಳೆಲ್ಲ ಈ ಅಚ್ಚುಕೂಟದಲ್ಲೇ ಅಚ್ಚಾಗುತ್ತಿದ್ದವು. ಸಂಘದ ಕಾರ್ಯದರ್ಶಿ ವಾಮದೇವಪ್ಪನವರದು ಕಾಳಿನ ಮಂಡಿ. ಧ್ವನಿ ದೊಡ್ಡದು, ಮೈಕಟ್ಟು ದೊಡ್ಡದು, ಆದ್ದರಿಂದ ಪ್ರತಿ ನಾಟಕದಲ್ಲೂ ರಾಜನ ಪಾರ್ಟು ಅವರದೇ. ಉಳಿದವರು ಮಂಡಿಯ ಗುಮಾಸ್ತರು, ಒಬ್ಬಿಬ್ಬರು ಶಾಲಾ ಮೇಷ್ಟ್ರು. ವರ್ಷಕ್ಕೊಂದು ಅಥವಾ ಎರಡು ನಾಟಕ. ಕರಪತ್ರದ ಮೇಲ್ಗಡೆ ಈ ಸಲದ ನಾಟಕದ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಸಣ್ಣಕ್ಷರದಲ್ಲಿ ಹಿಂದೆ ಆಡಿದ ನಾಟಕಗಳ ಪಟ್ಟಿ, ಅದರ ಕೆಳಗೆ ಸೋಡಾ ಅಂಗಡಿಯದೋ ಬಟ್ಟೆ ಅಂಗಡಿಯದೋ ಜಾಹೀರಾತು.

ಐವತ್ತೆಂಟನೇ ಇಸವಿಯಲ್ಲಿ, ಯಾವುದೋ ಸೇನಾಪತಿಯ ಶಪಥದ ನಾಟಕಕ್ಕೆ ಕರಪತ್ರ ಜೋಡಿಸಿ ಮುಗಿಸುವ ಹೊತ್ತಿಗೆ ಸೋಡಾ ಅಂಗಡಿಯವನು ತನ್ನ ಜಾಹೀರಾತು ಬೇಡ ಎಂದು ಹೇಳಿ ಕಳಿಸಿದ. ಕೆಳಗೆ ಎರಡು ಸಾಲಿನ ಜಾಗ ಬೋಳು ಬಿತ್ತು. ಹೂಬಳ್ಳಿಯ ಮೊಳೆಗಳನ್ನು ಹಾಕೋಣವೆಂದರೆ ಅವೆಲ್ಲ ಒಂದು ಲಗ್ನಪತ್ರಿಕೆಗೆ ಹೋಗಿದ್ದವು. ಟ್ರೆಡಲ್ ಯಂತ್ರ ತುಳಿಯುವ ಮೌಲಾ ಸಾಬ್ ಮಸಿ ಹಚ್ಚಿಕೊಂಡು ಕಾಯುತ್ತಿದ್ದ. ಪಾಲಯ್ಯ ಒಂದು ಗಳಿಗೆ ಮೊಳೆಗಳ ಖಾನೆಗಳಿದ್ದ ಕೇಸಿನ ಮುಂದೆ ನಿಂತು, ಕೈಗೆ ಬಂದಂತೆ ಎರಡು ಸಾಲು ಜೋಡಿಸಿ ಕೂಡಿಸಿದ: 'ನಮ್ಮ ಮುಂದಿನ ನಾಟಕ: ಎರಡನೇ ಪಾಳಿ. ನಿರೀಕ್ಷಿಸಿರಿ.'

ಆ ಹೆಸರೇ ಯಾಕೆ ಬಂತು ಎಂದು ಆಮೇಲೆ ಬಹಳ ಜನ ಕೇಳಿದರು. ಕೈಗೆ ಅದೇ ಬಂತು ಎನ್ನುತ್ತಿದ್ದ.

ಕರಪತ್ರ ಊರೆಲ್ಲ ಹಂಚಿ ಹೋದ ನಾಲ್ಕನೇ ದಿನ ವಾಮದೇವಪ್ಪನವರು ಅಚ್ಚುಕೂಟಕ್ಕೇ ಬಂದರು.

"ಇದು ಯಾರು ಹಾಕಿದ್ದು?"

"ನಾನೇ ರೀ ಸಾವ್ಕಾರ್ರೆ. ಜಾಗ ಖಾಲಿ ಉಳಿದಿತ್ತು."

"ಖಾಲಿ ಉಳಿದ್ರೆ ಖಾಲಿ ಬಿಡಬೇಕಪ್ಪ. ಈಗ ಮಂಡಿಗೆ ಬಂದ ಹಮಾಲರೆಲ್ಲ ಅದನ್ನೇ ಕೇಳ್ತಾರೆ. ಮಿಲ್ಲಿನೋರು ದಾರೀಲಿ ನಿಲ್ಲಿಸಿ, ನಮ್ಮ ಪಾಳಿ ನಾಟಕ ಯಾವಾಗ್ರಿ ಅಂತಾರೆ. ಶಪಥದ ನಾಟಕ ಒಬ್ಬನೂ ಕೇಳಲ್ಲ. ಎಲ್ಲೈತೆ ಈ ನಾಟಕ?"

ಇಲ್ಲ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪಾಲಯ್ಯನ ಬಾಯಿಂದ ಬಂದದ್ದು ಬೇರೆ.

"ಬರೀತಾ ಇದೀನ್ರಿ."

ವಾಮದೇವಪ್ಪನವರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಂಗಾದ್ರೆ ಸಂಕ್ರಾಂತಿ ಒಳಗೆ ತಂದು ಕೊಡು" ಎಂದು ಹೇಳಿ ಹೋದರು.

ಅಂದಿನಿಂದ ಪಾಲಯ್ಯ ಕೆಲಸ ಮುಗಿದ ಮೇಲೆ ಸಂಜೆ ಒಂದೆರಡು ತಾಸು ಅಚ್ಚುಕೂಟದಲ್ಲೇ ಉಳಿಯತೊಡಗಿದ. ಮೊದಲು ಪೆನ್ಸಿಲ್ಲು ಹಿಡಿದು ನೋಡಿದ. ಒಂದು ಮಾತು ಬರೆಯುವಷ್ಟರಲ್ಲಿ ಮುಂದಿನ ಎರಡು ಮಾತು ಮರೆತುಹೋಗುತ್ತಿದ್ದವು. ಕಡೆಗೆ ಕಾಗದ ಬದಿಗಿಟ್ಟು ಕೇಸಿನ ಮುಂದೆ ನಿಂತ. ಬೆರಳುಗಳು ತಾವಾಗಿಯೇ ಅಕ್ಷರದ ಮನೆಗಳಿಗೆ ಹೋದವು. ಹೀಗೆ ಅವನು ನಾಟಕವನ್ನು ಬರೆಯಲಿಲ್ಲ, ನೇರವಾಗಿ ಸೀಸದಲ್ಲಿ ಜೋಡಿಸಿದ. ಒಂದು ಪುಟ ಆದ ಕೂಡಲೇ ಮೌಲಾ ಸಾಬ್ ನಾಲ್ಕು ಪ್ರತಿ ತೆಗೆದುಕೊಡುವನು. ಮೊಳೆ ಸಾಲದ್ದರಿಂದ ಆ ಪುಟವನ್ನು ಬಿಚ್ಚಿ, ಅಕ್ಷರಗಳನ್ನು ಮತ್ತೆ ಅವುಗಳ ಮನೆಗೆ ಹಾಕಿ, ಆಮೇಲೆ ಮುಂದಿನ ಪುಟ. ಬಿಚ್ಚಿದ ಮೇಲೆ ತಿದ್ದುವ ಹಾಗಿಲ್ಲ. ಅದಕ್ಕೇ ಏನೋ, ಅವನ ನಾಟಕದಲ್ಲಿ ಜನ ಕಡಿಮೆ ಮಾತಾಡುತ್ತಿದ್ದರು.

ಹತ್ತು ಪುಟ ಆದ ಮೇಲೆ ಮೌಲಾ ಸಾಬ್‌ಗೆ ಓದಿ ಹೇಳಿದ. ಅವನು ಬೀಡಿ ಮುಗಿಯುವ ತನಕ ಕೇಳಿ, "ರಾಜನೇ ಇಲ್ಲಲ್ಲ ಪಾಲಣ್ಣ" ಎಂದ.

"ಮಿಲ್ಲಿನ ಮೇಸ್ತ್ರಿ ಅದಾನಲ್ಲ ಸಾಬ್ರೆ."

"ಹಂಗಾದ್ರೆ ಬರೋಬ್ಬರಿ" ಎಂದ ಮೌಲಾ ಸಾಬ್.

ಕಥೆ ಇಷ್ಟೇ: ಗಂಗವ್ವ ಮೊದಲ ಪಾಳಿ, ಗಂಡ ಎರಡನೇ ಪಾಳಿ. ದಿನಕ್ಕೊಮ್ಮೆ ಗೇಟಿನಲ್ಲಿ ಬೀಗದ ಕೈ ಕೊಡುವಾಗ ಮಾತ್ರ ಎಚ್ಚರದಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು. ವಾಮದೇವಪ್ಪನವರು ಓದಿಸಿ ಕೇಳಿದರು. ಮೇಸ್ತ್ರಿಯ ಪಾರ್ಟು ತಮಗೆ ಇರಲಿ ಎಂದರು, ಎರಡು ಹಾಡು ಸೇರಿಸಿಕೊಂಡರು. ಆದರೆ ದಾವಣಗೆರೆಯಲ್ಲಿ ಮಿಲ್ಲಿನ ಧಣಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಇದನ್ನು ಆಡಲು ಅವರಿಗೆ ಧೈರ್ಯವಾಗಲಿಲ್ಲ.

"ಮೊದಲು ಹರಿಹರದಾಗ ಆಡಿ ನೋಡಾನ" ಎಂದರು.

ಐವತ್ತೊಂಬತ್ತರ ಬೇಸಿಗೆಗೆ ಮುಂಚೆ ಹರಿಹರದಲ್ಲಿ ಹೊಳೆಯ ಕಡೆಯ ಬಯಲಲ್ಲಿ ಚಪ್ಪರ ಹಾಕಿ ಆಡಿದರು. ದಾವಣಗೆರೆಯಿಂದ ಮಿಲ್ಲಿನವರು ರೈಲು ಹತ್ತಿ ಬಂದಿದ್ದರು, ರೀಲಿಂಗ್ ಖಾತೆಯ ಹೆಂಗಸರೂ ಹತ್ತಿಪ್ಪತ್ತು ಮಂದಿ. ಯಲ್ಲಕ್ಕ ಬರಲಿಲ್ಲ. ನಿದ್ದೆಗೆಟ್ಟರೆ ಮರುದಿನ ಯಂತ್ರದ ಮುಂದೆ ನಿಲ್ಲಲು ಆಗುವುದಿಲ್ಲ ಎಂದಿದ್ದಳು. ಗಂಗವ್ವನ ಪಾರ್ಟು ಮಾಡಿದವನು ವಾಮದೇವಪ್ಪನವರ ಮಂಡಿಯಲ್ಲಿ ತೂಕ ಬರೆಯುವ ಸಣ್ಣಬೀರಪ್ಪ. ಗೇಟಿನ ದೃಶ್ಯದಲ್ಲಿ ಅವನು ಬೀಗದ ಕೈ ಇಸಿದುಕೊಂಡು ನಾಲ್ಕು ಹೆಜ್ಜೆ ಹೋಗಿ, ತಿರುಗಿ ನಿಂತು, ಗಂಡ ಒಳಗೆ ಹೋದ ಬಾಗಿಲನ್ನೇ ನೋಡುತ್ತ ಸೆರಗು ಬಾಯಿಗೆ ಹಿಡಿದು ಅತ್ತ. ಜನ ಚಪ್ಪಾಳೆ ತಟ್ಟಿ ಇನ್ನೊಮ್ಮೆ ಎಂದು ಕೂಗಿದರು. ಸಣ್ಣಬೀರಪ್ಪ ಇನ್ನೊಮ್ಮೆ ಬೀಗದ ಕೈ ಇಸಿದುಕೊಂಡು ಇನ್ನೊಮ್ಮೆ ಅತ್ತ. ಪರದೆಯ ಮಗ್ಗುಲಲ್ಲಿ ನಿಂತಿದ್ದ ಪಾಲಯ್ಯನಿಗೆ ಮೈ ಬೆಚ್ಚಗಾಯಿತು.

ಎರಡು ದಿನ ಕಳೆದ ಮೇಲೆ ಯಲ್ಲಕ್ಕ ಒಗೆದ ಬಟ್ಟೆ ಮಡಿಚುತ್ತ ಕೇಳಿದಳು.

"ನಿಮ್ಮ ನಾಟಕದಾಗ ನಾನು ಅಳ್ತೀನಂತೆ?"

"ನೀನಲ್ಲ. ಆಕಿ ಹೆಸರು ಗಂಗವ್ವ."

"ಇರಲಿ. ಖಾತೇಲಿ ಎಲ್ಲರೂ ನನ್ನ ಕಂಡ್ರೆ ಸೆರಗು ಬಾಯಿಗೆ ಹಿಡಿದು ತೋರಿಸ್ತಾರೆ." ಒಂದು ಪಂಚೆ ಮಡಿಚಿಟ್ಟಳು. "ನಾನು ತಿರುಗಿ ನೋಡಿದ್ದು ನೀವು ಯಾವಾಗ ಕಂಡ್ರಿ?"

ಪಾಲಯ್ಯ ನೆನಪು ಮಾಡಿಕೊಳ್ಳಲು ಯತ್ನಿಸಿದ. ಬೀಗದ ಕೈ ಕೊಡುತ್ತಿದ್ದದ್ದು ನೆನಪಿತ್ತು. ಕೊಟ್ಟು ಒಳಗೆ ಹೋಗುತ್ತಿದ್ದದ್ದು ನೆನಪಿತ್ತು. ಹಿಂದೆ ಅವಳು ನಿಂತು ನೋಡುತ್ತಿದ್ದಾಳೆ ಎಂಬುದು ಆರು ವರ್ಷವೂ ಅವನ ಬೆನ್ನಿಗೆ ಗೊತ್ತಿತ್ತು. ಆದರೆ ಅವನು ಒಮ್ಮೆಯೂ ತಿರುಗಿರಲಿಲ್ಲ.

"ಕಂಡಿಲ್ಲ" ಎಂದ.

"ಕಾಣಾಕೆ ನಾನು ನೋಡಿದ್ರೆ ತಾನೆ? ಬೆಳಿಗ್ಗೆ ಏಳರಿಂದ ನಿಂತ ಕಾಲು. ಬೀಗದ ಕೈ ಸಿಕ್ಕರೆ ಸಾಕು ಅಂತ ಬಿರಬಿರನೆ ಮನೆಗೆ ಹೋಗ್ತಿದ್ದೆ. ಹೋಗಿ ಒಳಗಿಂದ ಅಗಳಿ ಹಾಕ್ಕಂಡು ಒಂದು ತಾಸು ಮಲಗ್ತಿದ್ದೆ. ಆ ಒಂದು ತಾಸು ನನ್ನ ಯಾರೂ ಏನೂ ಕೇಳ್ತಿರಲಿಲ್ಲ. ಮೇಸ್ತ್ರಿ ಇಲ್ಲ, ನೀವಿಲ್ಲ, ಒಲೆ ಇಲ್ಲ. ಸುಖವಾಗಿತ್ತು."

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ತಪ್ಪು ಎಣಿಕೆಯನ್ನು ಸರಿ ಮಾಡುವವಳ ಹಾಗೆ ಹೇಳಿದಳು. ಪಾಲಯ್ಯನಿಗೆ ಮೊದಲು ಕೆಟ್ಟದೆನಿಸಿತು. ಆಮೇಲೆ ಒಂದು ಸಂಜೆ ಆ ಪುಟವನ್ನು ಹೊಸದಾಗಿ ಜೋಡಿಸಿದ. ಗಂಗವ್ವ ಬೀಗದ ಕೈ ಇಸಿದುಕೊಳ್ಳುತ್ತಾಳೆ, ಹೋಗುತ್ತಾಳೆ. ಮುಂದಿನ ನೋಟದಲ್ಲಿ ಒಳಗಿಂದ ಅಗಳಿ ಹಾಕಿ, ಬುಟ್ಟಿ ಮೂಲೆಗಿಟ್ಟು, ಕಾಲು ಚಾಚಿ ಮಲಗುತ್ತಾಳೆ. ಮಾತಿಲ್ಲ.

ಹೊಸ ಪುಟ ಓದಿದ ವಾಮದೇವಪ್ಪನವರಿಗೆ ಹಿಡಿಸಲಿಲ್ಲ. "ಹೆಂಗಸು ತಿರುಗಿ ನೋಡದಿದ್ರೆ ಜನಕ್ಕೆ ಏನು ಸಿಗ್ತೈತೆ? ಚೆನ್ನಾಗಿದ್ದದ್ದನ್ನ ಯಾಕ ಕೆಡಿಸ್ತಿ?"

"ಆಕಿ ತಿರುಗಿ ನೋಡಲಿಲ್ವಂತ್ರಿ."

"ಯಾರು?"

ಪಾಲಯ್ಯ ಹೊಸ ಪುಟವನ್ನು ಅವರ ಕಡೆಗೇ ಸರಿಸಿದ. ಸಣ್ಣಬೀರಪ್ಪನಿಗಂತೂ ಕೈಗೆ ಬಂದ ಚಪ್ಪಾಳೆ ಕಿತ್ತುಕೊಂಡ ಹಾಗಾಗಿತ್ತು. ಆದರೂ ಬರೆದವನ ಮಾತಿಗೆ ಬೆಲೆ ಕೊಡಬೇಕೆಂದು ಹೊಸ ಪುಟವನ್ನೇ ಕಲಿತ.

ಹರಿಹರದಲ್ಲಿ ಏನೂ ಗಲಾಟೆಯಾಗದ್ದರಿಂದ ಆ ವರ್ಷ ದೀಪಾವಳಿ ಕಳೆದ ಮೇಲೆ ದಾವಣಗೆರೆಯಲ್ಲೂ ಆಡಿದರು. ಗೇಟಿನ ದೃಶ್ಯ ಬಂತು. ಸಣ್ಣಬೀರಪ್ಪ ಬೀಗದ ಕೈ ಇಸಿದುಕೊಂಡ. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ಕಾಲು ತಡೆಯಿತು. ಮುಂದೆ ಅಷ್ಟು ಜನ ಉಸಿರು ಹಿಡಿದು ಕೂತಿದ್ದರು. ತಿರುಗಿದ, ಸೆರಗು ಬಾಯಿಗೆ ಹೋಯಿತು, ಅತ್ತುಬಿಟ್ಟ. ಹರಿಹರಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು. ಆಟ ಮುಗಿದ ಮೇಲೆ ಪಾಲಯ್ಯನ ಕೈ ಹಿಡಿದುಕೊಂಡು, "ತಪ್ಪಾತು ಪಾಲಣ್ಣ, ತಡೆಯಾಕಾಗಲಿಲ್ಲ" ಎಂದ.

ಬೆಳಿಗ್ಗೆ ಯಲ್ಲಕ್ಕನಿಗೆ ಹೇಳಿದ. "ಅತ್ತುಬಿಟ್ಟ ಕಣೆ."

"ಅಳಲಿ ಬಿಡ್ರಿ" ಎಂದು ಅವಳು ಊಟದ ಡಬ್ಬಿ ಎತ್ತಿಕೊಂಡು ಮಿಲ್ಲಿಗೆ ಹೊರಟಳು. "ಅವನೇನು ರೀಲಿಂಗ್ ಖಾತೇಲಿ ನಿಂತಿದ್ನ?"

ಮಿತ್ರವೃಂದ ಮತ್ತೆ ರಾಜರ ನಾಟಕಗಳಿಗೆ ಮರಳಿತು. ಮುಂದೆ ಅಚ್ಚಾದ ಕರಪತ್ರಗಳಲ್ಲಿ ಹಿಂದೆ ಆಡಿದ ನಾಟಕಗಳ ಪಟ್ಟಿಗೆ ಪಾಲಯ್ಯನೇ 'ಎರಡನೇ ಪಾಳಿ' ಎಂದು ಸೇರಿಸುತ್ತಿದ್ದ, ಉಳಿದವಕ್ಕೆ ಹಾಕಿದ ಸಣ್ಣಕ್ಷರದಲ್ಲೇ. ಇನ್ನೊಂದು ಬರೆಯಿರಿ ಎಂದು ಕೆಲವರು ಕೇಳಿದರು. ನಕ್ಕು ಕೇಸಿನ ಕಡೆ ತಿರುಗುತ್ತಿದ್ದ. ಅರವತ್ತೆರಡರಲ್ಲಿ ಮಗಳನ್ನು ಊರಿನಿಂದ ಕರೆಸಿಕೊಂಡು ಶಾಲೆಗೆ ಹಾಕಿದರು.

ಅರವತ್ಮೂರರಲ್ಲಿ ಹರಿಹರದ ಯಂತ್ರದ ಕಾರ್ಖಾನೆಯ ಕೆಲವು ಕೆಲಸಗಾರರು ಬಂದು ನಾಟಕದ ಪ್ರತಿ ಕೇಳಿದರು. ಪಾಲಯ್ಯ ಅಚ್ಚಿನ ಹಾಳೆಗಳನ್ನು ಹೊಲಿದು ಕೊಟ್ಟ, ಹೊಸ ಪುಟ ಸೇರಿಸಿ. ಅವರಿಗೆ ಹಳೆಯ ಪುಟ ಗೊತ್ತೇ ಇರಲಿಲ್ಲ. ಭಾನುವಾರ ಸಂಜೆ ಐದಕ್ಕೇ ಆಟ ಶುರು ಮಾಡುತ್ತೇವೆ, ಅಕ್ಕನವರನ್ನೂ ಕರೆದುಕೊಂಡು ಬರ್ರಿ ಎಂದರು. ಈ ಸಲ ಯಲ್ಲಕ್ಕ ಇಲ್ಲವೆನ್ನಲಿಲ್ಲ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ರೈಲು ಹತ್ತಿದರು.

ಐದಕ್ಕೆ ಎಂದದ್ದು ಶುರುವಾದಾಗ ಆರಾಗಿತ್ತು. ಗೇಟಿನ ದೃಶ್ಯದಲ್ಲಿ ಗಂಗವ್ವನಾದವನು ಬೀಗದ ಕೈ ಇಸಿದುಕೊಂಡು ನೆಟ್ಟಗೆ ನಡೆದುಹೋದ. ಚಪ್ಪಾಳೆ ಬೀಳಲಿಲ್ಲ. ಒಳಗಿಂದ ಅಗಳಿ ಹಾಕಿ ಮಲಗಿದಾಗ ಹಿಂದೆ ಯಾರೋ ಬೀಡಿ ಹಚ್ಚಿದರು, ಹೆಂಗಸರ ಕಡೆಯಿಂದ ಒಬ್ಬಳು ನಕ್ಕಳು. ಪಾಲಯ್ಯ ಹೆಂಡತಿಯ ಕಡೆ ನೋಡಿದ. ಅವಳು ಕೈಕಟ್ಟಿಕೊಂಡು ರಂಗವನ್ನೇ ನೋಡುತ್ತಿದ್ದಳು.

ಕಡೆಯ ಅಂಕ ಬಾಕಿ ಇರುವಾಗಲೇ ರೈಲಿಗೆ ಹೊತ್ತಾಯಿತೆಂದು ಎದ್ದರು. ಗಾಡಿ ಹರಿಹರ ಬಿಟ್ಟ ಮೇಲೆ ಯಲ್ಲಕ್ಕ ಕೇಳಿದಳು.

"ಕಡೀಗೆ ಏನಾಗ್ತೈತೆ?"

"ಗಂಡ ಮಿಲ್ಲು ಬಿಡ್ತಾನೆ. ಸಂಜೆ ಹೊತ್ತು ಇಬ್ರೂ ಮನೇಲಿ ಕೂಡ್ತಾರೆ. ಏನು ಮಾತಾಡ್ಬೇಕು ಅಂತ ಇಬ್ರಿಗೂ ತಿಳಿಯಲ್ಲ."

"ಆಮೇಲೆ?"

"ಪರದೆ ಬೀಳ್ತೈತೆ."

ಯಲ್ಲಕ್ಕ ಗಾಳಿಗೆ ಕಿಟಕಿಯ ಬಾಗಿಲು ಇಳಿಸಿದಳು. "ಅದು ಖರೇ ಐತೆ. ಆದ್ರೆ ಹಂಗೆ ಎಷ್ಟು ದಿನ ಇದ್ವಿ? ಹದಿನೈದು ದಿನ ಇರಬೇಕು. ಆಮೇಲೆ ಮಾತಾಡಿದ್ವಲ್ಲ."

"ಮೊದಲು ಏನು ಮಾತಾಡಿದ್ವಿ?"

"ಕೋಳಿ ವಿಷಯ. ಪಕ್ಕದ ಮನೆ ಕೋಳಿ ನಮ್ಮ ಅಟ್ಟ ಹತ್ತಿ ಕೂತಿತ್ತು."

"ಹೂಂ, ಹುಂಜ."

"ಹುಂಜ ಎಲ್ಲಿ? ಮೊಟ್ಟೆ ಇಡೋ ಹ್ಯಾಟೆ ಅದು. ಕೆಂದ ಹ್ಯಾಟೆ."

ಹುಂಜವೇ ಎಂದು ಪಾಲಯ್ಯ, ಹ್ಯಾಟೆಯೇ ಎಂದು ಯಲ್ಲಕ್ಕ. ದಾವಣಗೆರೆ ಬರುವವರೆಗೂ ಅದು ತೀರ್ಮಾನವಾಗಲಿಲ್ಲ.