ಕಾಕು ತಿರುಗಿ ಹಾಡಿದ ಕ್ಯಾಸೆಟ್ಟುಗಳು

ಹಾರೂಗೇರಿಯಿಂದ ತಂಗಿ ಕೊಟ್ಟು ಕಳಿಸಿದ ಸೀರೆಯ ಗಂಟಿನಲ್ಲಿ ಒಂದು ಹಳೆಯ ಕ್ಯಾಸೆಟ್ಟು ಇತ್ತು. ಡಬ್ಬಿಯ ಮೇಲೆ ಮಾಸಿದ ಫೋಟೋ: ದೊಡ್ಡ ನತ್ತು, ತಲೆ ತುಂಬ ಸೆರಗು, ಎಂದೂ ಬಾಯಿ ಬಿಟ್ಟು ಹಾಡದ ಮುಖ. ಮುಚ್ಚಳ ಎತ್ತಿದೆ. ತಂಬಾಕಿನ ವಾಸನೆ ಬಂತು. ನಿಪ್ಪಾಣಿಯಲ್ಲಿ ಬಾಳಿದವರ ಕೈಗೂ ಅದೇ ವಾಸನೆ, ಹಾಗಾಗಿ ಅದು ನನ್ನದೋ ಕ್ಯಾಸೆಟ್ಟಿನದೋ ತಿಳಿಯಲಿಲ್ಲ. ಹೊರತೆಗೆದು ನೋಡುವ ಧೈರ್ಯವಾಗದೆ ಮತ್ತೆ ಮುಚ್ಚಿಟ್ಟೆ.

ಆ ಫೋಟೋದವಳು ಅದರಲ್ಲಿ ಒಂದು ಸಾಲೂ ಹಾಡಿಲ್ಲ. ಹಾಡಿದವಳು ನಮ್ಮ ಪಕ್ಕದ ಮನೆಯ ಕಾಕು...

ಎಂಬತ್ತರ ದಶಕದ ನಡುವಿನಲ್ಲಿ ನಾನು ಮದುವೆಯಾಗಿ ನಿಪ್ಪಾಣಿಗೆ ಬಂದಾಗ, ಹೊಸ ಓಣಿಯಲ್ಲಿ ನನಗೆ ಮೊದಲು ಪರಿಚಯವಾದದ್ದು ಆಕೆಯ ದನಿ. ಚಿಕ್ಕಮ್ಮನ ವಯಸ್ಸಿನವರನ್ನು ಅಲ್ಲಿ ಕಾಕು ಎನ್ನುತ್ತಾರೆ. ಕಟ್ಟೆಯ ಮೇಲೆ ಕುಳಿತು ಬೀಡಿ ಕಟ್ಟುತ್ತಾ ಹಾಡುತ್ತಿದ್ದಳು. ಗಂಡ ಇಚಲಕರಂಜಿಯ ಮಗ್ಗಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವಳದೆಂದು ಹೇಳಿಕೊಳ್ಳಲು ಇದ್ದದ್ದು ಆ ದನಿ ಒಂದೇ. ಅರಿಷಿಣದ ಹಾಡು, ಬೀಸುವ ಹಾಡು, ಬೀಗರನ್ನು ಕಾಡಿಸುವ ಹಾಡು, ಯಾವುದನ್ನು ಎತ್ತಿದರೂ ಓಣಿಯ ಹೆಂಗಸರ ಕೈ ತಾನಾಗಿ ನಿಧಾನವಾಗುತ್ತಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟವನೊಬ್ಬನಿದ್ದ. ಊರ ಕಡೆಯ ಹಾಡುಗಳನ್ನು ತಾನೇ ತುಂಬಿಸಿ ಮಾರುತ್ತಿದ್ದ. ಒಂದು ಮಧ್ಯಾಹ್ನ ಕಾಕುವನ್ನು ಕರೆಸಿ, ಇದು ಬರೀ ಟ್ರಾಯಲ್, ಆಮೇಲೆ ಹೇಳಿ ಕಳಿಸುತ್ತೇನೆ ಎಂದು ಸಂಜೆಯವರೆಗೂ ಹಾಡಿಸಿದ. ಹೇಳಿ ಕಳಿಸಲಿಲ್ಲ. ಮುಂದಿನ ವರ್ಷ ಚಿಕ್ಕೋಡಿಯಲ್ಲಿ ಒಂದು ಅರಿಷಿಣಕ್ಕೆ ಹೋದಾಗ ಚಪ್ಪರದ ಸ್ಪೀಕರಿನಿಂದ ಕಾಕುವಿನ ದನಿ ಬರುತ್ತಿತ್ತು. ಮೈಕಿನವನ ಕೈಯಿಂದ ಡಬ್ಬಿ ಇಸಿದುಕೊಂಡು ನೋಡಿದೆವು. ಹೆಸರೂ ಫೋಟೋವೂ ಅಂಗಡಿಯವನ ಹೆಂಡತಿಯ ತಂಗಿಯದು.

ಮರುದಿನವೇ ಇಬ್ಬರೂ ಅಂಗಡಿಗೆ ಹೋದೆವು.

"ರೊಕ್ಕ ಬ್ಯಾಡ ನನಗ. ನನ್ನ ಹೆಸರ ಹಾಕು," ಎಂದಳು ಕಾಕು.

ಅವನು ಲೆಕ್ಕಕ್ಕೇ ಇಲ್ಲದವರ ಜೊತೆ ಮಾತಾಡುವಂತೆ ಕ್ಯಾಸೆಟ್ಟುಗಳ ಧೂಳು ಒರೆಸುತ್ತಲೇ ಇದ್ದ. "ಅದು ನಿಮ್ಮ ದನೀನ ಅಂತ ಏನ ಗ್ಯಾರಂಟಿ ಐತ್ರಿ ಕಾಕು? ಹೆಣ್ಮಕ್ಕಳ ದನಿ ಎಲ್ಲಾ ಒಂದ ಕೇಳಸ್ತಾವ. ಬೇಕಾದ್ರ ಮನ್ಯಾಗ ಕುಂತ ಹಾಡಿ ಟೇಪ್ ಮಾಡ್ಕೋರಿ. ಭಾಂಡೆ ತಿಕ್ಕಿದಂಗ ಕೇಳಸ್ತೈತಿ."

ಪಕ್ಕದಲ್ಲಿದ್ದ ಗಿರಾಕಿಗಳು ನಕ್ಕರು. ಕಾಕು ಅಂಗಡಿಯ ಮೆಟ್ಟಿಲಿಳಿದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅದು ಇವತ್ತಿಗೂ ಆರಿಲ್ಲ. ಒಳ್ಳೆಯವರು ಕ್ಷಮಿಸುತ್ತಾರಂತೆ, ನಾನು ಅಷ್ಟು ಒಳ್ಳೆಯವಳಲ್ಲ.

ದಾರಿಯಲ್ಲಿ ಕಾಕು ಕೇಳಿದಳು, "ಒಂದ ಕ್ಯಾಸೆಟ್ಟಿನ ಮ್ಯಾಲ ಇನ್ನೊಮ್ಮೆ ಹಾಡಿದ್ರ ಮೊದಲಿಂದು ಹೋಗತೈತಿ ಹೌದಿಲ್ಲೋ?" ಹೌದು ಎಂದೆ. "ಹಂಗಾದ್ರ ಅಂವ ಮಾರಿದ್ದು ಒಂದೊಂದ ತರಸೂಣು. ಎಲ್ಲಾದರ ಮ್ಯಾಲೂ ನಾನ ಹಾಡ್ತೀನಿ, ಹೆಸರ ಹೇಳಿ." ಅವನದೇ ಡಬ್ಬಿ, ಅವನದೇ ಫೋಟೋ, ಒಳಗೆ ಮಾತ್ರ ಇವಳು... ನನಗೆ ಅಲ್ಲೇ ರಸ್ತೆಯಲ್ಲಿ ಕುಣಿಯಬೇಕೆನ್ನಿಸಿತು.

ತವರಿನವರು ಮದುವೆಯಲ್ಲಿ ಕೊಟ್ಟ ಟೇಪ್ ರೆಕಾರ್ಡರ್ ನನ್ನ ಬಳಿ ಇತ್ತು. ಆದರೆ ಮೊದಲ ಸಲ ತುಂಬಿ ಕೇಳಿದಾಗ ಅಂಗಡಿಯವ ಹೇಳಿದ್ದೇ ನಿಜವಾಯಿತು, ಪಾತ್ರೆ ತಿಕ್ಕಿದ ಹಾಗೇ ಕೇಳಿಸಿತು. ಯಂತ್ರದ ಗುರುಗುರು, ಗೋಡೆಯಿಂದ ಗೋಡೆಗೆ ಬಡಿಯುವ ದನಿ, 'ಪ' 'ಭ' ಬಂದಲ್ಲೆಲ್ಲ ಪಟಾಕಿ. ಹೀಗೆ ಕೇಳಿಸಿದರೆ ಜನ ಹೆಸರು ಬರುವ ಮೊದಲೇ ಬಂದ್ ಮಾಡುತ್ತಾರೆ. ಅವನದಕ್ಕಿಂತ ಚೆನ್ನಾಗಿರಲೇಬೇಕಿತ್ತು.

ಒಂದೊಂದೇ ದೋಷಕ್ಕೆ ಮದ್ದು ಹುಡುಕಿದೆವು. ನನ್ನ ಗಂಡ ಕುಡಚಿ ಸ್ಟೇಷನ್ನಿನ ಹತ್ತಿರದ ಗುಜರಿಯಿಂದ ಸಣ್ಣ ಮೈಕು ತಂದ. ಅದಕ್ಕೆ ಉದ್ದದ ವಾಯರು ಜೋಡಿಸಿ, ಟೇಪನ್ನು ಅಡುಗೆಮನೆಯಲ್ಲಿಟ್ಟೆವು. ಗುರುಗುರು ನಿಂತಿತು. ನೆಲದ ಸಪ್ಪಳ ಏರದಂತೆ, ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ಮೈಕನ್ನು ತೊಟ್ಟಿಲ ಕೊಂಡಿಗೆ ತೂಗುಬಿಟ್ಟೆವು. ಮೂರೂ ಕಡೆ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟು, ಕೆಳಗೆ ತಂಬಾಕಿನ ಗೋಣಿಚೀಲ ಹಾಸಿದೆವು. ಪಟಾಕಿ ಮಾತ್ರ ಬಹಳ ಸತಾಯಿಸಿತು. ಕೊನೆಗೆ ನಾನು ಕಸೂತಿ ಹಾಕುವ ಕಟ್ಟಿಗೆಯ ಬಳೆಗೆ ಮಾವನವರ ಸವೆದ ಧೋತರದ ತುಂಡು ಬಿಗಿದು, ಮೈಕಿಗೂ ಕಾಕುವಿನ ಬಾಯಿಗೂ ನಡುವೆ ಹಿಡಿದೆ. ಉಸಿರು ಬಟ್ಟೆಗೆ ತಾಗಿ ಸುಮ್ಮನಾಯಿತು, ಹಾಡು ಮಾತ್ರ ದಾಟಿತು. ತಿರುಗಿಸಿ ಕೇಳಿದಾಗ ಕಾಕು ನಮ್ಮ ಕಿವಿಯ ಹತ್ತಿರವೇ ಕುಳಿತು ಹಾಡಿದಂತಿತ್ತು. ಕಾಕು ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ತಿಕ್ಕೂಣು ಭಾಂಡೆ," ಎಂದಳು.

ಸಂತೆಯ ದಿನ ಓಣಿ ಖಾಲಿಯಾಗುತ್ತಿತ್ತು. ಅದೇ ನಮ್ಮ ದಿನ. ಬೀಡಿ ಕಟ್ಟುವ ಹೆಂಗಸರು ತಮ್ಮ ತಮ್ಮ ತವರಿನಿಂದ, ಅಥಣಿ, ರಾಯಬಾಗ, ಮಂಗಸೂಳಿಯಿಂದ, ಕೇಳಿ ಕೊಡುತ್ತೇವೆಂದು ಕ್ಯಾಸೆಟ್ಟು ತರುತ್ತಿದ್ದರು. ಅಂಗಡಿಯ ಕ್ಯಾಸೆಟ್ಟಿನ ಮೇಲೆ ಯಾರೂ ಮತ್ತೆ ತುಂಬಬಾರದೆಂದು ಅದರ ನೆತ್ತಿಯ ಎರಡು ಹಲ್ಲು ಮುರಿದಿರುತ್ತಾರೆ. ಆ ತೂತು ಮುಚ್ಚಿದರೆ ಮತ್ತೆ ತುಂಬಬಹುದು. ಬೀಡಿ ಕಟ್ಟುವವರ ಮನೆಯಲ್ಲಿ ಅಂಟಿಗೂ ಲೇಬಲ್ಲಿಗೂ ಬರವೇ? ಕಾಕು ಲೇಬಲ್ಲಿನ ಹಿಂದೆ ಬೆರಳಿನಿಂದ ಅಂಟು ಸವರಿ ತೂತಿಗೆ ಒತ್ತುತ್ತಿದ್ದಳು, ಅಂಗಡಿಯವನ ಬಾಯಿಗೇ ಒತ್ತಿದ ಹಾಗೆ.

ಇದ್ದದ್ದು ಒಂದೇ ಟೇಪ್ ರೆಕಾರ್ಡರ್. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸಲಾಗದು. ಹಾಗಾಗಿ ಬಂದ ಪ್ರತಿ ಕ್ಯಾಸೆಟ್ಟಿಗೂ ಕಾಕು ಹೊಸದಾಗಿ ಹಾಡಬೇಕಿತ್ತು. ಹಾಡಿದಳು. ನಡುವೆ ಒಂದು ಒಡಪು. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳುವುದು ವಾಡಿಕೆ. ಕಾಕು ತನ್ನ ಹೆಸರನ್ನೇ ಕಟ್ಟಿದಳು: "ತಂಬಾಕದ ಧೂಳಾಗ ದನಿ ಉಳಿಸೀನಿ, ಕದ್ದಾಂವ ಕದೀಲಿ, ಹೆಸರ ನಾನ ಹೇಳ್ತೀನಿ." ಆಮೇಲೆ ಹೆಸರು, ಓಣಿಯ ಗುರುತಿನ ಸಮೇತ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ತನ್ನ ಹೆಸರನ್ನು ತಾನೇ ಹೇಳಬೇಕೆಂದು ಅವಳು ಅಷ್ಟೆಲ್ಲ ಮಾಡಿದ್ದು.

ಕಾಲ ಸರಿದಂತೆ ದನಿ ದಪ್ಪವಾಗುತ್ತಾ ಬಂತು. ತಂಬಾಕಿನ ಧೂಳು ಗಂಟಲಿಗೆ ಇಳಿದಿತ್ತು. ಕೆಮ್ಮು ಬಂದಾಗ ನಿಲ್ಲಿಸಿ, ಬೆಲ್ಲ ಚಪ್ಪರಿಸಿ, ಮತ್ತೆ ಮೊದಲಿನಿಂದ. ಒಂದು ದಿನ ನಾನು ಹೇಳಿಯೂ ಹೇಳಿದೆ, "ಕಾಕು, ಅಂವ ತುಂಬಿದ್ದರಾಗ ನಿಮ್ಮ ದನಿ ಭಾಳ ಚಲೋ ಐತಿ. ಒಂದ ಇಟ್ಕೊಳ್ಳೂಣು?"

"ಅದು ಆಕೀ ಹೆಸರಿಲೆ ಐತಿ. ಅಳಸ," ಎಂದಳು.

ಅಳಿಸಿದೆ.

ಫೋಟೋದವಳ, ಅಂದರೆ ಅಂಗಡಿಯವನ ನಾದಿನಿಯ, ಮದುವೆ ನಿಶ್ಚಯವಾಯಿತು. ತವರುಮನೆ ಕಾಗವಾಡ, ಅದರ ಗೋಡೆಗೆ ಗೋಡೆ ಹತ್ತಿ ನನ್ನ ಸೋದರತ್ತೆಯ ಮನೆ. ಅತ್ತೆ ಅವರ ಮನೆಯ ಕ್ಯಾಸೆಟ್ಟನ್ನೇ ಕೇಳಿ ತಂದಳು, ನಾವು ತುಂಬಿ ಹಿಂದಿರುಗಿಸಿದೆವು. ಅರಿಷಿಣದ ದಿನ ಅತ್ತೆಯ ಜೊತೆ ನಾವಿಬ್ಬರೂ ಚಪ್ಪರದಲ್ಲಿ ಹೋಗಿ ಕುಳಿತೆವು. ಅಂಗಡಿಯವ ಬೀಗರ ಮುಂದೆ ಮೀಸೆ ತಿರುವುತ್ತಾ, ನಮ್ಮ ಹುಡುಗಿಯದೇ ಹಾಡು ಎಂದು ಹಾಕಿಸಿದ. ಮೊದಲ ಹಾಡಿಗೆ ಬೀಗಿತಿಯರು ತಲೆದೂಗಿದರು. ಆಮೇಲೆ ಒಡಪು ಬಂತು. ಕಾಕುವಿನ ಹೆಸರು ಕಾಗವಾಡದ ಆ ಓಣಿಯ ಕೊನೆಯವರೆಗೂ ಕೇಳಿಸಿತು.

ಅಂಗಡಿಯವ ಮೆಷಿನ್ ಕಡೆ ಓಡಿದ. ಮೈಕಿನವ ಊಟಕ್ಕೆ ಹೋಗಿದ್ದ. ಇವನಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿಯುವಷ್ಟರಲ್ಲಿ ಎರಡನೆಯ ಹಾಡು ಶುರುವಾಗಿತ್ತು. ಗಂಡಿನ ಕಡೆಯ ಮುದುಕಿ ಜೋರಾಗಿಯೇ ಕೇಳಿದಳು, "ಹೆಸರ ಬ್ಯಾರೆ ಬಂತಲ್ಲರಿ. ಹಾಡಿದಾಕಿ ಯಾರ ಹಂಗಾದ್ರ?"

ಕಾಕು ಎದ್ದು ಬಂದು ಮದುಮಗಳ ಕೆನ್ನೆಗೆ ಅರಿಷಿಣ ಹಚ್ಚಿದಳು. ಸ್ಪೀಕರಿನ ಜೊತೆ ತಾನೂ ಅದೇ ಸಾಲು ಎತ್ತಿದಳು. ಗ್ಯಾರಂಟಿ ಕೇಳಿದ್ದನಲ್ಲ, ಅವನ ಕಣ್ಣ ಮುಂದೆಯೇ ಕೊಟ್ಟಳು. ಅವನ ಮುಖ ಆಗ ಹೇಗಾಗಿತ್ತು ಎಂಬುದನ್ನು ಬೇಸರವಾದಾಗಲೆಲ್ಲ ನಾನು ನೆನಪಿಸಿಕೊಳ್ಳುತ್ತೇನೆ. ಬೇಸರ ಹೋಗುತ್ತದೆ.

ಅವನು ಆ ಕ್ಯಾಸೆಟ್ಟು ಮಾರುವುದನ್ನು ಬಿಟ್ಟ. ಸಿಟ್ಟಿನಲ್ಲಿ ಮೂಲದ ಟೇಪನ್ನು ಅಂಗಡಿಯ ಮುಂದೆಯೇ ಸುಟ್ಟನಂತೆ. ಕಾಕು ಇನ್ನೂ ಕೆಲವು ವರ್ಷ ಇದ್ದಳು. ಕೊನೆಕೊನೆಗೆ ಕೆಮ್ಮೇ ಹೆಚ್ಚು, ಹಾಡು ಕಡಿಮೆ... ತೊಂಬತ್ತರ ದಶಕ ಮುಗಿಯುವ ಮೊದಲೇ ಹೋದಳು. ಅಂಗಡಿಯವನೂ ಹೋಗಿದ್ದಾನೆ. ಸತ್ತವರ ಮೇಲೆ ಸಿಟ್ಟು ಇರಬಾರದು ಎನ್ನುತ್ತಾರೆ. ನನ್ನದು ಇದೆ.

ಆದರೆ ಅವಳ ಆ ಮೊದಲಿನ ದನಿ, ನಾನು ಮದುವೆಯಾಗಿ ಬಂದಾಗ ಕಟ್ಟೆಯಿಂದ ಕೇಳಿಸಿದ ದನಿ, ಅದು ಇದ್ದದ್ದು ಆ ಕಳ್ಳ ತುಂಬಿದ ಕ್ಯಾಸೆಟ್ಟಿನಲ್ಲಿ ಮಾತ್ರ. ನಮ್ಮ ಕೈಗೆ ಸಿಗದೆ ತಪ್ಪಿಸಿಕೊಂಡದ್ದು ಒಂದಾದರೂ ಇದ್ದೀತೆಂದು ವರ್ಷಗಳಿಂದ ಬಂದವರನ್ನೆಲ್ಲ ಕೇಳುತ್ತಿದ್ದೇನೆ. ತಂಗಿಗೂ ಅದಕ್ಕೇ ಹೇಳಿದ್ದೆ.

ಇವತ್ತು ಮತ್ತೆ ಡಬ್ಬಿ ತೆರೆದೆ. ಕ್ಯಾಸೆಟ್ಟನ್ನು ಹೊರತೆಗೆದು ನೆತ್ತಿ ನೋಡಿದೆ. ತೂತಿನ ಮೇಲೆ ಬೀಡಿಯ ಲೇಬಲ್ಲು. ಇದನ್ನೂ ನಾವು ಅಳಿಸಿ ತುಂಬಿದ್ದೆವು. ಉಗುರಿನಿಂದ ಅಂಚು ಎಬ್ಬಿಸಿ ನೋಡಿದೆ... ಕಾಕು ಸವರಿದ ಅಂಟು ಇನ್ನೂ ಬಿಟ್ಟಿರಲಿಲ್ಲ.