ಬಂಡೆ ಬಿಟ್ಟು ಬಯಲಿನಲ್ಲಿ

ಗಾಳಿಗೂ ನೆಲಕ್ಕೂ ಇರುವ ಸಂಬಂಧ ಶಾಲೆಯ ಪಾಠದಷ್ಟೇ ಸರಳ ಎಂದು ನಂಬಿದ್ದವನು ನಾನು. ವಿವರಿಸಲಾಗದ್ದೇನೋ ಕಂಡೆ ಎನ್ನುವವರನ್ನು ನೋಡಿದರೆ ಮೈಯುರಿಯುತ್ತಿತ್ತು. ಈಗ ನಾನೇ ಅಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ನಗುವವರು ನಗಲಿ.

ಕೆಲವು ವರ್ಷಗಳ ಹಿಂದೆ ಲಿಂಗಂಪಲ್ಲಿಯಾಚೆ ಒಂದು ಕಟ್ಟಡಕ್ಕೆ ನಾನು ಸೈಟ್ ಇಂಜಿನಿಯರ್. ಕೂಲಿಯವರು ಬಹುತೇಕ ಯಾದಗಿರಿ ಕಡೆಯವರು. ನಮ್ಮದು ತೆಲುಗರ ನಡುವೆ ದಿಲ್‌ಸುಖ್‌ನಗರದಲ್ಲಿ ನೆಲೆಸಿದ, ಕನ್ನಡ ಮಾತಾಡುವ ಕಲಬುರಗಿ ಮನೆತನವಾದ್ದರಿಂದ ಅವರ ದೂರುಗಳೆಲ್ಲ ನನ್ನ ತಲೆಗೇ. ನೀರಿನ ಟ್ಯಾಂಕರಿಗೆ ಅನುಕೂಲವಾಗಲೆಂದು ಸಮ ಮಾಡಿದ ಬಯಲಿನಲ್ಲಿ ತಗಡಿನ ಶೆಡ್ಡುಗಳನ್ನು ಒಂದೇ ಸಾಲಿಗೆ ಹಾಕಿಸಿದೆ. ಗಾರೆ ಕೆಲಸದ ಶಾಂತವ್ವ ಮಾತ್ರ ಒಪ್ಪದೆ, ಬಯಲಿನ ಪಕ್ಕದ ಬಂಡೆಗಳ ನಡುವೆ ಜಾಗ ಬೇಡಿದಳು. ಅವಳಿಗೆ ಆರು ತಿಂಗಳ ಕೂಸು. ಅವಳ ಊರಲ್ಲಿ ಗುಡಿಸಲನ್ನು ಬಂಡೆಯ ಮರೆಗೇ ಹಾಕುತ್ತಾರಂತೆ.

“ಬಯಲಾಗ ಸುಂಟರಗಾಳಿ ಭಾಳ ಜೋರಾಗ್ತೈತ್ರಿ ಸಾಹೇಬ್ರ. ಬಂಡೆ, ಗಿಡಗಂಟಿ ಅಡ್ಡ ಬಂದ್ರ ಅದರ ಸೊಂಟ ಮುರೀತೈತಿ.”

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ; ನಾನು ಓದಿದ್ದೂ ಅದೇ. ಆದರೆ ದಿನಕ್ಕೆ ನಾಲ್ಕು ಸಲ ಅದೇ ರಾಗ ಕೇಳಿ ತಲೆ ಕೆಟ್ಟಿತ್ತು. ಗದರಿಸಿ, ಅವಳ ಶೆಡ್ಡನ್ನೂ ಸಾಲಿನ ಕೊನೆಗೆ ಹಾಕಿಸಿದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾವೆಲ್ಲ ಸ್ಲ್ಯಾಬಿನ ಮೇಲಿದ್ದಾಗ ಬಯಲಿನ ಆ ತುದಿಯಲ್ಲಿ ಧೂಳು ತಿರುಗತೊಡಗಿತು. ಬೇಸಿಗೆಯಲ್ಲಿ ಅಂಥವು ಏಳುತ್ತಲೇ ಇರುತ್ತವೆ. ಇದು ಮಾತ್ರ ಬೋಳು ನೆಲ ಸಿಕ್ಕಂತೆಲ್ಲ ದಪ್ಪವಾಗುತ್ತ ಬಂದು ಮೊದಲ ಶೆಡ್ಡಿನ ತಗಡು ಕಿತ್ತಿತು. ಆಮೇಲೆ ಎರಡನೆಯದು, ಮೂರನೆಯದು. ಕೊನೆಯದರಲ್ಲಿ ಕೂಸು ಸೀರೆಯ ಜೋಲಿಯಲ್ಲಿ ಮಲಗಿತ್ತು. ಶಾಂತವ್ವ ಕೂಗುತ್ತ ಮೆಟ್ಟಿಲಿಳಿದು ಓಡಿದಳು, ಹಿಂದೆ ನಾನು. ಕೈಯಾರೆ ಕೊಂದೆ ಎಂದೇ ಅನ್ನಿಸಿತು.

ಅವಳ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿ ಗಾಳಿ ನಿಂತಿತು. ಅಡ್ಡಲಾಗಿ ಅಲ್ಲಿ ಒಂದು ಕಲ್ಲಿರಲಿಲ್ಲ, ಕಡ್ಡಿಯಿರಲಿಲ್ಲ. ನಿಂತಲ್ಲೇ ತಿರುಗಿ, ಸಾಲು ಬಿಟ್ಟು, ಬಂಡೆಗಳ ನಡುವೆ ನುಗ್ಗಿ ಇನ್ನಷ್ಟು ಜೋರಾಯಿತು. ಜಾಲಿ ಗಿಡವೊಂದನ್ನು ಬುಡಸಮೇತ ಕಿತ್ತು, ಹೊತ್ತು ತಂದ ತಗಡನ್ನೆಲ್ಲ ಶಾಂತವ್ವ ಬೇಡಿದ್ದ ಜಾಗದಲ್ಲೇ ಕುಕ್ಕಿ ಇಲ್ಲವಾಯಿತು.

ಕೂಸಿಗೆ ಎಚ್ಚರವೂ ಆಗಿರಲಿಲ್ಲ.

ಆಮೇಲೆ ಕಂಡಕಂಡವರನ್ನು ಕೇಳಿದ್ದೇನೆ. ಒಬ್ಬರು ಇಳಿಜಾರು ಎಂದರು, ಒಬ್ಬರು ಬಂಡೆಗಳ ಸಂದು ಎಂದರು, ಇನ್ನೊಬ್ಬರು ದೇವರು ಎಂದರು. ಸಂದಿನಲ್ಲಿ ಜೋರಾಯಿತು, ಒಪ್ಪೋಣ. ಬಟ್ಟಬಯಲಲ್ಲಿ ನಿಂತದ್ದೇಕೆ ಎಂದರೆ ಎಲ್ಲರೂ ಮಾತು ಬದಲಿಸುತ್ತಾರೆ. ಕೇಳಿ ಕೇಳಿ ಸಾಕಾಗಿ ಹೋಗಿದೆ.

ಅಂದು ಸಂಜೆ ಶಾಂತವ್ವ ಕೂಸನ್ನು ಎತ್ತಿಕೊಂಡು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಕೈ ಮುಗಿದಳು. ಅದಕ್ಕಿಂತ ಬೈಗುಳವೇ ವಾಸಿಯಿತ್ತು.

“ನಿಮ್ಮ ಮಾತು ಕೇಳಿದ್ದಕ್ಕ ಕೂಸು ಉಳೀತ್ರಿ. ಇನ್ನ ಮ್ಯಾಲೆ ನೀವು ಎಲ್ಲಿ ಅಂತೀರಿ ಅಲ್ಲೇ. ಈಗ ಹೇಳ್ರಿ, ಇವತ್ತ ಇದನ್ನ ಎಲ್ಲಿ ಮಲಗಸ್ಲಿ?”

ನಾನು ಬಯಲನ್ನು ನೋಡಿದೆ, ಬಂಡೆಗಳನ್ನು ನೋಡಿದೆ. ಅವಳು ಕಾಯುತ್ತ ನಿಂತೇ ಇದ್ದಳು.