ಗೋಡೆಯ ಮೇಲಿನ ಬೊಳ್ಳ

ಸ್ನೇಹಿತರೇ, ತುಳುವಿನಲ್ಲಿ ನಾವು ನೆರೆಗೆ ಬೊಳ್ಳ ಎನ್ನುತ್ತೇವೆ. ಇನ್ನು ಹಾಗೆನ್ನಲು ಅನುಮತಿ ಕೇಳಬೇಕಂತೆ. ನೇತ್ರಾವತಿ ನದಿಯ ನೀರಿನ ಮಟ್ಟ ತಿಳಿಸಲು ಬಂಟ್ವಾಳ ಪೇಟೆಯ ಹರೀಶ ಮಾಡಿದ ಆ್ಯಪಿನ ಹೆಸರು ‘ಬೊಳ್ಳ’. ಈಗ ಒಂದು ದೊಡ್ಡ ಕಂಪೆನಿ ತನ್ನ ಹಾಡಿನ ಆ್ಯಪಿಗೆ ಅದೇ ಹೆಸರು ನೋಂದಾಯಿಸಿಕೊಂಡು, ಇವನದನ್ನು ತೆಗೆಸಲು ಹೊರಟಿದೆ. ತೆಗೆಸಿದರೆ, ಅಕ್ಕಿಮೂಟೆಗಳನ್ನು ಯಾವಾಗ ಅಟ್ಟಕ್ಕೇರಿಸಬೇಕೆಂದು ಅಂಗಡಿಯವರಿಗೆ ಹೇಳುವವರಿಲ್ಲ.

ಇವತ್ತು ಕಂಪೆನಿಯ ವಕೀಲರು ಬೆಂಗಳೂರಿನಿಂದ ವಿಡಿಯೊ ಕಾಲ್ ಮಾಡಿದರು. "ನಮಗಿಂತ ಮೊದಲೇ ಈ ಹೆಸರು ಬಳಸಿದ್ದಕ್ಕೆ ಸಾಕ್ಷಿ ಏನಿದೆ?"

ಹರೀಶ ಬಾಯಿ ತೆರೆಯುವ ಮೊದಲೇ ದಿನಸಿ ಅಂಗಡಿಯ ಸಂಜೀವಣ್ಣ ಫೋನು ಕಸಿದು ತಮ್ಮ ಅಂಗಡಿಯ ಗೋಡೆಗೆ ಹಿಡಿದರು. ನೀರು ಏರಿದ ಮಟ್ಟಕ್ಕೆಲ್ಲ ಪೈಂಟಿನ ಗೆರೆ, ಪಕ್ಕದಲ್ಲಿ ‘ಬೊಳ್ಳ’ ಎಂದು ಬರೆದು ಇಸವಿ. ಒಂದು ಗೆರೆ ಅವರ ತಲೆಗಿಂತ ಮೇಲಿತ್ತು.

"ಇದು ನನ್ನ ಅಜ್ಜ ಬರೆದದ್ದು ಮಾರಾಯ್ರೇ. ಸಾಕಲ್ಲ?"

"ಅದು ನದಿ ನೀರು ಕಣ್ರೀ. ವ್ಯಾಪಾರದಲ್ಲಿ ಬಳಸಿರಬೇಕು."

"ಅಂಗಡಿಯ ಒಳಗೇ ಬಂದದ್ದಲ್ವಾ?"

ವಕೀಲರು, "ಹಾಗಾದರೆ ಗೋಡೆಯನ್ನು ಖುದ್ದಾಗಿ ನೋಡಬೇಕಾಗುತ್ತೆ" ಎಂದರು.

"ಆಟಿ ತಿಂಗಳ ಜೋರು ಮಳೆಗೆ ಬನ್ನಿ. ನೀರು ಎಷ್ಟುಂಟೆಂದು ನಿಮ್ಮ ಹಾಡಿನ ಆ್ಯಪಿನಲ್ಲಿ ಕೇಳಿಕೊಂಡು ಬನ್ನಿ."

ಪರದೆಯಲ್ಲಿ ವಕೀಲರ ಮುಖ ಹಾಗೇ ನಿಂತುಬಿಟ್ಟಿತು. ನೆಟ್‌ವರ್ಕ್ ತೊಂದರೆ ಇರಬಹುದು.